ಹೆಸರು ಎಷ್ಟು ಸಾಮಾನ್ಯ ಎಂಬುದನ್ನು ಸರ್ಕಾರ ಎಣಿಸಿ ಹೇಳಲಿ

ಮಾನ್ಯ ಸಂಪಾದಕರೇ,

ಮಗುವಿಗೆ ಹೆಸರು ಹುಡುಕುವ ಮನೆಯಲ್ಲಿ ಅರ್ಥ, ನಕ್ಷತ್ರ, ಮನೆದೇವರು ಇವುಗಳ ಜೊತೆಗೆ ಈಗ ಇನ್ನೊಂದು ಪ್ರಶ್ನೆ ತಪ್ಪದೆ ಏಳುತ್ತದೆ: ‘ಈ ಹೆಸರು ತುಂಬಾ ಕಾಮನ್ ಆಗಿಬಿಟ್ಟಿದೆಯಾ?’ ಉತ್ತರ ಹೇಳುವವರು ಅತ್ತಿಗೆ, ಪಕ್ಕದ ಮನೆಯವರು, ಇಲ್ಲವೇ ಮೊಬೈಲಿನಲ್ಲಿ ಸಿಗುವ ‘ಟಾಪ್ 100’ ಪಟ್ಟಿ. ಇವರಲ್ಲಿ ಯಾರೂ ಎಣಿಸಿದವರಲ್ಲ. ಎಣಿಕೆಗೆ ಬೇಕಾದ ದಾಖಲೆ ಮಾತ್ರ ನಮ್ಮ ರಾಜ್ಯದಲ್ಲೇ ಇದೆ. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಜನನಗಳು ಇಲ್ಲಿ ನೋಂದಣಿಯಾಗುತ್ತವೆ, ಅವು ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಎಷ್ಟು ಗಂಡು, ಎಷ್ಟು ಹೆಣ್ಣು, ಆಸ್ಪತ್ರೆಯಲ್ಲಿ ಹುಟ್ಟಿದವರೆಷ್ಟು ಎಂಬ ಲೆಕ್ಕ ವರದಿಯಾಗಿ ಹೊರಬರುತ್ತದೆ. ಯಾವ ಹೆಸರು ಎಷ್ಟು ಮಕ್ಕಳಿಗೆ ಇಡಲಾಯಿತು ಎಂಬ ಒಂದು ಕೋಷ್ಟಕ ಮಾತ್ರ ಅದರಲ್ಲಿ ಇರುವುದಿಲ್ಲ. ಅದು ಬೇಕು ಎಂದು ಕೇಳುವುದಕ್ಕೂ, ಅದು ಬರುವ ತನಕ ತಂದೆತಾಯಿ ತಾವೇ ಹೇಗೆ ಎಣಿಸಿಕೊಳ್ಳಬಹುದು ಎಂದು ತಿಳಿಸುವುದಕ್ಕೂ ಈ ಪತ್ರ.

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚೆಗಿನ ಪ್ರತಿ ವರ್ಷದ ಹೆಸರುಗಳ ಎಣಿಕೆಯನ್ನು ಸಾರ್ವಜನಿಕರಿಗೆ ಕೊಡುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಖಾಸಗಿತನದ ಕಾರಣಕ್ಕೆ ಬಿಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶ ಕಚೇರಿ ಮೂರು ಮಕ್ಕಳಿಗೆ ಇಟ್ಟ ಹೆಸರನ್ನೂ ಪಟ್ಟಿಯಲ್ಲಿ ತೋರಿಸುತ್ತದೆ. ಆ ಪಟ್ಟಿಗಳನ್ನು ಸರಿಯಾಗಿ ಓದಿದರೆ ಮೊದಲು ಕಳಚಿಬೀಳುವುದು ‘ನಂಬರ್ ಒನ್ ಹೆಸರು’ ಎಂಬ ಮಾತಿನ ಭಯ.

1880ರಲ್ಲಿ ಅಮೆರಿಕದ ಗಂಡುಮಕ್ಕಳಲ್ಲಿ ಮೊದಲ ಸ್ಥಾನ ಜಾನ್‌ಗೆ. ಆ ಪಟ್ಟಿಯಲ್ಲಿ ನೂರು ಗಂಡುಮಕ್ಕಳಿಗೆ ಎಂಟು ಮಂದಿ ಜಾನ್. 2017ರಿಂದ ಮೊದಲ ಸ್ಥಾನ ಲಿಯಾಮ್‌ಗೆ. ಅದು ನೂರಕ್ಕೆ ಸುಮಾರು ಒಂದು. ಸ್ಥಾನ ಅದೇ ಒಂದು, ಪಾಲು ಎಂಟನೆಯ ಒಂದು ಭಾಗಕ್ಕೆ ಇಳಿದಿದೆ. ಎಮಿಲಿ 1996ರಿಂದ 2007ರವರೆಗೆ ಹನ್ನೆರಡು ವರ್ಷ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲು ನಿಂತಿತ್ತು. ಆಗಲೂ ಅದು ನೂರಕ್ಕೆ ಒಂದೂವರೆ ಮುಟ್ಟಲಿಲ್ಲ. ಹೆಸರುಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದು ಹೆಸರಿನ ಪಾಲು ತೆಳ್ಳಗಾಗುತ್ತದೆ. ಆದ್ದರಿಂದ ‘ಎಷ್ಟನೇ ಸ್ಥಾನ’ ಎಂದು ಕೇಳುವುದು ತಪ್ಪು ಪ್ರಶ್ನೆ. ‘ಸಾವಿರ ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ’ ಎಂದೇ ಕೇಳಬೇಕು.

ನಮ್ಮಲ್ಲಿ ಓಡಾಡುವ ಪಟ್ಟಿಗಳಿಗೆ ಆ ಗುಣವೂ ಇಲ್ಲ. ಹೆಸರು ಹುಡುಕುವ ಜಾಲತಾಣ, ಆಪ್‌ಗಳ ಹತ್ತಿರ ಜನನ ನೋಂದಣಿಯ ದಾಖಲೆ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಯಾವ ಹೆಸರನ್ನು ಎಷ್ಟು ಜನ ತೆರೆದು ನೋಡಿದರು ಎಂಬುದು. ನೋಡಿದವರೆಲ್ಲ ಇಟ್ಟವರಲ್ಲ. ‘ಅಯ್ಯೋ, ಇದು ಎಲ್ಲರ ಮನೆಯಲ್ಲೂ ಇದೆ’ ಎಂದು ಕೈಬಿಟ್ಟವರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. ಅಂಥ ಪಟ್ಟಿಗೆ ಇರುವ ಬೆಲೆ ಇಷ್ಟು: ಈಗ ಜನರ ಕಿವಿಗೆ ಯಾವ ಹೆಸರು ಬೀಳುತ್ತಿದೆ ಎಂದು ತಿಳಿಯುತ್ತದೆ. ಎಷ್ಟು ಮಕ್ಕಳಿಗೆ ಇಟ್ಟಿದ್ದಾರೆ ಎಂದು ತಿಳಿಯುವುದಿಲ್ಲ.

ಇನ್ನು ಪಾಲು ಗೊತ್ತಾದರೆ ಅದರಿಂದ ಏನು ತಿಳಿದುಕೊಳ್ಳಬೇಕು? ತರಗತಿಯನ್ನೇ ನೋಡೋಣ. ನಲವತ್ತು ಮಕ್ಕಳ ತರಗತಿ, ಅದರಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಎಂದಿಟ್ಟುಕೊಳ್ಳಿ. ನಿಮ್ಮ ಮಗಳನ್ನು ಬಿಟ್ಟು ಹತ್ತೊಂಬತ್ತು. ಹೆಸರಿನ ಪಾಲು ನೂರಕ್ಕೆ ಒಂದು ಇದ್ದರೆ, ಒಬ್ಬಳ ಹೆಸರು ಅದಲ್ಲದಿರುವ ಸಾಧ್ಯತೆ 0.99. ಅದನ್ನು ಹತ್ತೊಂಬತ್ತು ಸಲ ಗುಣಿಸಿದರೆ 0.83 ಹತ್ತಿರ ಬರುತ್ತದೆ. ಅಂದರೆ ಅದೇ ಹೆಸರಿನ ಇನ್ನೊಬ್ಬಳು ಅದೇ ಕೊಠಡಿಯಲ್ಲಿ ಸಿಗುವ ಸಾಧ್ಯತೆ ನೂರಕ್ಕೆ ಹದಿನೇಳು. ಪಾಲು ಸಾವಿರಕ್ಕೆ ಒಂದಾದರೆ ನೂರಕ್ಕೆ ಎರಡೂ ಇಲ್ಲ. ನೂರಕ್ಕೆ ಮೂರಾದರೆ ನಲವತ್ತನಾಲ್ಕಕ್ಕೆ ಏರುತ್ತದೆ, ನೂರಕ್ಕೆ ಐದಾದರೆ ಅರವತ್ತೆರಡು. ನಾಲ್ಕು ಸೆಕ್ಷನ್ ಇರುವ ದೊಡ್ಡ ಶಾಲೆಯಲ್ಲಿ ಇಡೀ ತರಗತಿಗೆ ಎಂಬತ್ತು ಹುಡುಗಿಯರಿದ್ದರೆ, ನೂರಕ್ಕೆ ಒಂದರ ಹೆಸರೂ ಎಲ್ಲೋ ಒಂದು ಸೆಕ್ಷನ್‌ನಲ್ಲಿ ಮತ್ತೆ ಸಿಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಕರ್ನಾಟಕದ ಮಟ್ಟದಲ್ಲಿ ನೂರಕ್ಕೆ ಒಂದು ಎಂದರೆ ವರ್ಷಕ್ಕೆ ಐದು ಸಾವಿರ ಹೆಣ್ಣುಮಕ್ಕಳಿಗೆ ಅದೇ ಹೆಸರು. ಕೇಳಿದರೆ ಗಾಬರಿ ಹುಟ್ಟಿಸುವ ಸಂಖ್ಯೆ ಇದು. ತರಗತಿಯೊಳಗೆ ಬಂದಾಗ ಆರರಲ್ಲಿ ಐದು ಪಾಲು ಅವಳೊಬ್ಬಳೇ ಇರುತ್ತಾಳೆ.

ಹಾಗಿದ್ದರೆ ಪ್ರತಿ ತರಗತಿಯಲ್ಲೂ ಇಬ್ಬಿಬ್ಬರು ಒಂದೇ ಹೆಸರಿನವರು ಕಾಣುವುದೇಕೆ? ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನೂರು ಹೆಸರುಗಳು ಸಮನಾಗಿ ಹಂಚಿಕೆಯಾಗಿವೆ ಎಂದುಕೊಂಡರೂ, ಇಪ್ಪತ್ತು ಹುಡುಗಿಯರಲ್ಲಿ ಯಾರಾದರೂ ಇಬ್ಬರ ಹೆಸರು ಒಂದೇ ಆಗಿರುವ ಸಾಧ್ಯತೆ ನೂರಕ್ಕೆ ಎಂಬತ್ತೇಳು. ಯಾಕೆಂದರೆ ಇಪ್ಪತ್ತು ಮಂದಿಯಲ್ಲಿ ನೂರ ತೊಂಬತ್ತು ಜೋಡಿಗಳಿವೆ. ನಿಮ್ಮ ಮಗಳು ಇರುವುದು ಅವುಗಳಲ್ಲಿ ಹತ್ತೊಂಬತ್ತು ಜೋಡಿಗಳಲ್ಲಿ ಮಾತ್ರ. ‘ಅಕ್ಕನ ಮಗಳ ಕ್ಲಾಸಿನಲ್ಲಿ ಇಬ್ಬರು ಆರಾಧ್ಯ ಇದ್ದಾರಂತೆ’ ಎಂಬ ಸುದ್ದಿಯಿಂದ ಆರಾಧ್ಯ ಎಂಬ ಹೆಸರಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಯಾವುದೋ ಒಂದು ಜೋಡಿ ಆಗಲೇಬೇಕಿತ್ತು, ಅದು ಆರಾಧ್ಯ ಆಯಿತು ಅಷ್ಟೇ. ಮೂರು ಬೇರೆ ಬೇರೆ ಶಾಲೆಗಳಲ್ಲಿ ಅದೇ ಹೆಸರು ಜೋಡಿಯಾಗಿ ಬಂದರೆ ಆಗ ಯೋಚಿಸಬೇಕು.

ಎರಡನೆಯ ತಪ್ಪು ವಯಸ್ಸಿನದು. ‘ಗೀತಾ ತುಂಬಾ ಕಾಮನ್’ ಎಂದು ಹೆಸರನ್ನು ಬದಿಗಿಡುವವರನ್ನು ಕೇಳಿ, ಅವರಿಗೆ ಗೊತ್ತಿರುವ ಗೀತಾ ಎಲ್ಲರೂ ಐವತ್ತರ ಆಸುಪಾಸಿನವರು. ಲತಾ, ಸವಿತಾ, ಸುಮಾ, ಮಂಜುನಾಥ, ನಾಗರಾಜ ಇವೂ ಹಾಗೆಯೇ. ಕಚೇರಿಯಲ್ಲಿ, ಬಸ್ಸಿನಲ್ಲಿ, ಮತದಾರರ ಪಟ್ಟಿಯಲ್ಲಿ ಕಾಣುವ ಹೆಸರುಗಳು ಹದಿನೆಂಟು ದಾಟಿದವರದು. ನಿಮ್ಮ ಮಗುವಿನ ಜೊತೆ ಬೆಂಚಿನಲ್ಲಿ ಕೂರುವವರು ಅವರಲ್ಲ. ಈಗ ಹುಟ್ಟಿದ ಮಗುವಿಗೆ ಸುಮಾ ಎಂದು ಇಟ್ಟರೆ ಅಂಗನವಾಡಿಯಲ್ಲಿ ಆ ಹೆಸರಿನವಳು ಬಹುಶಃ ಅವಳೊಬ್ಬಳೇ. ಅದೇ ಮನೆಯವರು ‘ಯಾರೂ ಕೇಳಿಲ್ಲದ ಹೆಸರು’ ಎಂದು ಆರಿಸಿದ ಸಾನ್ವಿ ಮಾತ್ರ ಎಲ್‌ಕೆಜಿಯಲ್ಲಿ ಜೊತೆಗಾರ್ತಿಯರೊಂದಿಗೆ ಸಿಗುತ್ತಾಳೆ. ತಮ್ಮ ತಲೆಮಾರಿನಲ್ಲಿ ಕೇಳದ ಹೆಸರು ಅಪರೂಪದ್ದು ಎಂದು ಒಂದೇ ಕಾಲದಲ್ಲಿ ಎಷ್ಟೋ ಮನೆಗಳವರು ಒಟ್ಟಿಗೆ ಅಂದುಕೊಳ್ಳುವುದರಿಂದಲೇ ಅದು ಅಪರೂಪವಾಗಿ ಉಳಿಯುವುದಿಲ್ಲ.

ಮೂರನೆಯದು ಜಾಗ. ಹೆಸರಿಗೆ ಸೀಮೆ ಇದೆ. ಕೊಪ್ಪಳದ ಸುತ್ತ ಗವಿಸಿದ್ದಪ್ಪ, ಕೊಟ್ಟೂರಿನ ಕಡೆ ಕೊಟ್ರೇಶ, ಕಲಬುರಗಿ ಕಡೆ ಶರಣಬಸಪ್ಪ, ಸವದತ್ತಿಯ ಭಕ್ತರ ಮನೆಗಳಲ್ಲಿ ಯಲ್ಲಪ್ಪ ಮತ್ತು ರೇಣುಕಾ, ಚಾಮರಾಜನಗರದ ಹಳ್ಳಿಗಳಲ್ಲಿ ಮಾದೇಶ ಮತ್ತು ಮಾದೇವ, ನಂಜನಗೂಡಿನ ಸುತ್ತ ನಂಜುಂಡ, ಕೊಡಗಿನಲ್ಲಿ ಬೋಪಣ್ಣ, ಕಾರ್ಯಪ್ಪ. ಕೊಟ್ಟೂರಿನಲ್ಲಿ ‘ಕೊಟ್ರೇಶ’ ಎಂದು ಕರೆದರೆ ಬೀದಿಯಲ್ಲಿ ಹಲವರು ತಿರುಗಿ ನೋಡಬಹುದು, ಉಡುಪಿಯಲ್ಲಿ ಆ ಹೆಸರಿನವನನ್ನು ‘ನೀವು ಯಾವ ಕಡೆಯವರು?’ ಎಂದು ಕೇಳುತ್ತಾರೆ. ರಾಜ್ಯದ ಸರಾಸರಿ ಈ ಎರಡನ್ನೂ ಕಲಸಿ ಯಾವುದಕ್ಕೂ ಸಲ್ಲದ ಒಂದು ಸಂಖ್ಯೆ ಕೊಡುತ್ತದೆ. ಶಾಲೆಯ ಬಗೆಯೂ ಹಾಗೆಯೇ. ಒಂದೇ ಊರಿನ ಸರ್ಕಾರಿ ಕನ್ನಡ ಶಾಲೆಯ ಹಾಜರಿ ಪುಸ್ತಕಕ್ಕೂ ಖಾಸಗಿ ಇಂಗ್ಲಿಷ್ ಶಾಲೆಯದಕ್ಕೂ ಹೆಸರುಗಳು ಬೇರೆ. ಆದ್ದರಿಂದ ಎಣಿಸುವಾಗ ಮಗು ಬೆಳೆಯುವ ಊರು, ಓದುವ ಬಗೆಯ ಶಾಲೆ, ಅದೇ ಒಂದೆರಡು ವರ್ಷದಲ್ಲಿ ಹುಟ್ಟಿದವರು, ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕು.

ಎಲ್ಲಕ್ಕಿಂತ ಹೆಚ್ಚು ಗೋಜಲು ಕಾಗುಣಿತದ್ದು. ಅಮೆರಿಕದ ಪಟ್ಟಿ ಒಂದೊಂದು ಸ್ಪೆಲಿಂಗನ್ನೂ ಬೇರೆ ಹೆಸರೆಂದು ಎಣಿಸುತ್ತದೆ. ಏಡನ್ ಎಂದು ಕೂಗುವ ಹೆಸರು ಅಲ್ಲಿ ಹಲವು ಸಾಲುಗಳಲ್ಲಿ ಹಂಚಿಹೋಗಿದೆ, ಹಾಗಾಗಿ ಪ್ರತಿ ಸಾಲೂ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಗಂಡುಮಕ್ಕಳ ಮೊದಲ ಹೆಸರು ಮುಹಮ್ಮದ್, 4,661 ಮಕ್ಕಳು. ಅದೇ ಹೆಸರಿನ ಇನ್ನೆರಡು ಸ್ಪೆಲಿಂಗ್‌ಗಳು ಅದೇ ಪಟ್ಟಿಯ ಮೊದಲ ನೂರರೊಳಗೆ ಬೇರೆ ಸಾಲುಗಳಲ್ಲಿ ಕೂತಿವೆ. ನಮ್ಮಲ್ಲಿ ಎರಡು ಲಿಪಿಯ ವ್ಯವಹಾರ ಇರುವುದರಿಂದ ಕಷ್ಟವೂ ಎರಡು ಪಟ್ಟು. ದಕ್ಷಿಣದವರು ತಕಾರಕ್ಕೆ ಇಂಗ್ಲಿಷಿನಲ್ಲಿ ‘ಟಿ’ ಪಕ್ಕ ‘ಎಚ್’ ಹಾಕುತ್ತಾರೆ, ಉತ್ತರ ಭಾರತದವರು ಹಾಕುವುದಿಲ್ಲ. ಹೀಗೆ ಒಬ್ಬಳೇ ಅನ್ವಿತಾಗೆ ಇಂಗ್ಲಿಷಿನಲ್ಲಿ ಎರಡು ರೂಪ. ಆ ‘ಎಚ್’ ಇರುವ ರೂಪವನ್ನು ಕಂಪ್ಯೂಟರ್ ತಾನೇ ಕನ್ನಡಕ್ಕೆ ತಿರುಗಿಸಿದರೆ ‘ಅನ್ವಿಥಾ’ ಆಗಿಬಿಡುತ್ತದೆ, ಮೂರನೆಯ ಹೆಸರು ಹುಟ್ಟಿದಂತಾಗುತ್ತದೆ. ಋತ್ವಿಕ್ ಎಂಬುದನ್ನು ನಾವು ‘ರು’ ಎನ್ನುತ್ತೇವೆ, ಹಿಂದಿಯವರು ‘ರಿ’ ಎನ್ನುತ್ತಾರೆ. ದಾಖಲೆಗಳಲ್ಲಿ ಋತ್ವಿಕ್, ರುತ್ವಿಕ್, ರಿತ್ವಿಕ್, ಅದರ ಮೇಲೆ ತಪ್ಪಾಗಿ ಹೃತ್ವಿಕ್. ಆದ್ಯ, ಆದ್ಯಾ, ಆಧ್ಯ, ಆಧ್ಯಾ ನಾಲ್ಕೂ ಕೂಗುವಾಗ ಒಂದೇ.

ಆದ್ದರಿಂದ ಎಣಿಸುವಾಗ ಕಣ್ಣಿನಿಂದ ಎಣಿಸಬಾರದು, ಕಿವಿಯಿಂದ ಎಣಿಸಬೇಕು. ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ಕೂಗಿದಾಗ ವ್ಯತ್ಯಾಸ ಕೇಳಿಸದ ರೂಪಗಳನ್ನೆಲ್ಲ ಒಂದೇ ಗೆರೆಯ ಕೆಳಗೆ ಹಾಕಿ. ನ್ಯೂಮರಾಲಜಿ (ಸಂಖ್ಯಾಜ್ಯೋತಿಷ್ಯ) ನೋಡಿ ಇಂಗ್ಲಿಷಿನಲ್ಲಿ ಒಂದು ‘ಎ’ ಹೆಚ್ಚಿಗೆ, ಒಂದು ‘ಎಸ್’ ಹೆಚ್ಚಿಗೆ ಸೇರಿಸಿದ ಮಾತ್ರಕ್ಕೆ ಹೆಸರು ಅಪರೂಪವಾಗುವುದಿಲ್ಲ. ಕನ್ನಡದಲ್ಲಿ ಬರೆದಾಗ ಆ ಅಕ್ಷರ ಕಾಣುವುದಿಲ್ಲ, ಕೂಗಿದಾಗ ಕೇಳಿಸುವುದಿಲ್ಲ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆಗಳಲ್ಲಿ ಒಂದು ಕಡೆ ಆ ಅಕ್ಷರ ಬಿಟ್ಟುಹೋಗಿ ಮಗು ದೊಡ್ಡದಾದ ಮೇಲೆ ಅಫಿಡವಿಟ್ ಮಾಡಿಸಬೇಕಾದ ತೊಂದರೆ ಮಾತ್ರ ಉಳಿಯುತ್ತದೆ.

ಪೂರ್ತಿ ಒಂದೇ ಅಲ್ಲದಿದ್ದರೂ ಹತ್ತಿರದ ಸದ್ದುಗಳೂ ಗೊಂದಲ ಮಾಡುತ್ತವೆ. ಸಾನ್ವಿ, ತನ್ವಿ, ಧನ್ವಿ, ಮನ್ವಿ, ಜಾನ್ವಿ ಒಂದು ಗುಂಪು. ವಿಹಾನ್, ಇಶಾನ್, ಕಿಯಾನ್, ಅಯಾನ್, ಆರ್ಯನ್ ಇನ್ನೊಂದು. ಆರವ್, ಅರ್ಣವ್, ಪ್ರಣವ್ ಮತ್ತೊಂದು. ಪಟ್ಟಿಯಲ್ಲಿ ಪ್ರತಿಯೊಂದೂ ನೂರಕ್ಕೆ ಅರ್ಧ ಇರಬಹುದು. ಆಟದ ಮೈದಾನದ ಆಚೆಯಿಂದ ‘...ನ್ವೀ’ ಎಂದು ಕೂಗಿದಾಗ ಐವರೂ ತಿರುಗುತ್ತಾರೆ. ಮೊದಲ ಅಕ್ಷರ ಗಾಳಿಯಲ್ಲಿ ಹೋಗುತ್ತದೆ, ಕೊನೆಯ ಸ್ವರವೇ ದೂರಕ್ಕೆ ಮುಟ್ಟುವುದು. ಮನೆಯಲ್ಲಿ ಕರೆಯುವ ಚಿಕ್ಕ ಹೆಸರನ್ನೂ ಪರೀಕ್ಷಿಸಿ: ಆರಾಧ್ಯ, ಆರುಷಿ, ಆರ್ನಾ ಮೂವರೂ ‘ಆರು’ ಆಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಪೂರ್ತಿ ಹೆಸರು ಮತ್ತೊಬ್ಬರದೂ ಆಗಿರುವುದಕ್ಕಿಂತ, ಹೀಗೆ ಒಂದೇ ಅಚ್ಚಿನ ನಾಲ್ಕೈದು ಹೆಸರುಗಳು ಒಂದೇ ಕೊಠಡಿಯಲ್ಲಿ ಸೇರುವುದೇ ಮಕ್ಕಳಿಗೂ ಶಿಕ್ಷಕರಿಗೂ ಹೆಚ್ಚು ತೊಡಕು. ಒಂದೇ ಹೆಸರಾದರೆ ಇನಿಶಿಯಲ್ ಸೇರಿಸಿ ಕರೆಯಬಹುದು. ಅರ್ಧ ಹೋಲುವ ಹೆಸರುಗಳಿಗೆ ಆ ಉಪಾಯವೂ ಇಲ್ಲ, ಉತ್ತರಪತ್ರಿಕೆ ಹಂಚುವಾಗ ತನ್ವಿಯದು ಧನ್ವಿಯ ಕೈಗೆ ಹೋಗುತ್ತದೆ.

ನಕ್ಷತ್ರದ ಅಕ್ಷರ ನೋಡಿ ಇಡುವುದರಿಂದ ಹೆಸರುಗಳು ತಾವಾಗಿ ಹಂಚಿಹೋಗುತ್ತವೆ ಎಂಬ ನಂಬಿಕೆಯೂ ಇದೆ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ, ಒಂದು ಪಾದದಲ್ಲಿ ಸುಮಾರು ಆರು ಗಂಟೆ ಇರುತ್ತಾನೆ. ಹಾಗಾಗಿ ಒಂದೇ ಆಸ್ಪತ್ರೆಯಲ್ಲಿ ಒಂದೇ ಬೆಳಗ್ಗೆ ಹುಟ್ಟಿದ ಮಕ್ಕಳಿಗೆ ಒಂದೇ ಅಕ್ಷರ ಬರುತ್ತದೆ. ವರ್ಷದ ಲೆಕ್ಕದಲ್ಲಿ ಮಾತ್ರ ಅಕ್ಷರಗಳು ಸಮನಾಗಿ ಹಂಚಿಕೆಯಾಗಲೇಬೇಕು. ‘ಅ’ ಬರುವುದು ಕೃತ್ತಿಕಾ ಮೊದಲನೇ ಪಾದಕ್ಕೆ ಮಾತ್ರ, ಅಂದರೆ 108ರಲ್ಲಿ ಒಂದು. ಈಗಿನ ಯಾವುದೇ ಎಲ್‌ಕೆಜಿ ಹಾಜರಿ ತೆರೆದು ನೋಡಿ, ಅ-ಆ ಹೆಸರುಗಳು ನೂರಕ್ಕೆ ಒಂದರಲ್ಲಿ ನಿಂತಿರುವುದಿಲ್ಲ, ಮೊದಲ ಪುಟದ ಮೇಲ್ಭಾಗವನ್ನೆಲ್ಲ ಅವೇ ತುಂಬಿರುತ್ತವೆ. ನಕ್ಷತ್ರದ ಹೆಸರು ತೊಟ್ಟಿಲಲ್ಲಿ ಕಿವಿಯಲ್ಲಿ ಹೇಳುವುದಕ್ಕೆ, ಸಂಕಲ್ಪಕ್ಕೆ ಉಳಿಯುತ್ತದೆ. ಶಾಲೆಯ ಹೆಸರನ್ನು ಕಿವಿಯ ಇಂಪು ನೋಡಿ ಆರಿಸುತ್ತಾರೆ. ಹೆಸರಿನ ಪುಸ್ತಕವೂ ಆಪ್ಪೂ ಅಕಾರಾದಿಯಲ್ಲೇ ಶುರುವಾಗುವುದು ಇದಕ್ಕೆ ಒಂದು ಕಾರಣ ಎಂದು ನಮಗನ್ನಿಸುತ್ತದೆ, ಪುಟ ತಿರುವಿ ‘ವ’, ‘ಶ’ ತಲುಪುವ ಮೊದಲೇ ಹತ್ತು ಹೆಸರಿಗೆ ಗುರುತು ಬಿದ್ದಿರುತ್ತದೆ. ಅಕ್ಷರವನ್ನು ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಬೇರೆ ತೊಡಕು. ಹಸ್ತದ ಅಕ್ಷರಗಳು ಪು, ಷ, ಣ, ಠ. ಣಕಾರ ಠಕಾರದಲ್ಲಿ ಹೆಸರು ಸಿಗುವುದಿಲ್ಲ, ಹಾಗಾಗಿ ನಾಲ್ಕೂ ಪಾದದವರು ಪೂರ್ವಿ, ಪುನೀತ್ ಅಥವಾ ಷಕಾರದ ಬದಲು ಶಕಾರದ ಹೆಸರಿನತ್ತ ಬರುತ್ತಾರೆ. ಅಲ್ಲಿ ಜನಸಂದಣಿ ಹೆಚ್ಚುತ್ತದೆ.

ಈಗ ಎಣಿಸುವ ಕ್ರಮಕ್ಕೆ ಬರೋಣ. ಮನಸ್ಸಿನಲ್ಲಿರುವ ಮೂರು ನಾಲ್ಕು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಕೆಳಗೆ ಅದರ ಎಲ್ಲ ಕಾಗುಣಿತ ರೂಪಗಳನ್ನೂ ಬರೆಯಿರಿ. ಆಮೇಲೆ ಈಚೆಗೆ ಹುಟ್ಟಿದ ಮಕ್ಕಳ ಹೆಸರುಗಳನ್ನು ಎಲ್ಲೆಲ್ಲಿ ಕೇಳಬಹುದೋ ನೋಡಿ: ನರ್ಸರಿ ಪ್ರವೇಶದ ಪಟ್ಟಿ ಹಾಕಿದ ಸೂಚನಾ ಫಲಕ, ಛದ್ಮವೇಷ ಮತ್ತು ಚಿತ್ರಕಲಾ ಸ್ಪರ್ಧೆಯ ಬಹುಮಾನಿತರು, ತಮ್ಮಂಥ ಪತ್ರಿಕೆಗಳಲ್ಲಿ ಬರುವ ಪುಟಾಣಿಗಳ ಹುಟ್ಟುಹಬ್ಬದ ಅಂಕಣ. ಹುಟ್ಟುಹಬ್ಬದ ಅಂಕಣಕ್ಕೆ ಫೋಟೊ ಕಳಿಸುವವರು ಹೆಚ್ಚಾಗಿ ಪೇಟೆಯವರು, ಅದೊಂದನ್ನೇ ನಂಬಿದರೆ ಹೊಸ ಬಗೆಯ ಹೆಸರುಗಳ ಪಾಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ರಿಜಿಸ್ಟರ್ ಕೇಳಬೇಡಿ, ಅದು ಬೇರೆಯವರ ಮಕ್ಕಳ ವಿವರ. ‘ಈ ಹೆಸರಿನ ಮಗು ನಿಮ್ಮಲ್ಲಿ ಎಷ್ಟಿದೆ, ಒಟ್ಟು ಎಷ್ಟು ಮಕ್ಕಳು?’ ಎಂದು ಎರಡು ಸಂಖ್ಯೆ ಮಾತ್ರ ಕೇಳಿ. ಹೆಣ್ಣು ಗಂಡು ಬೇರೆ ಬೇರೆ ಎಣಿಸಿ. ಒಂದೇ ಮಗು ಎರಡು ಪಟ್ಟಿಯಲ್ಲಿ ಬಂದಿದ್ದರೆ ಒಂದು ಸಲ ಮಾತ್ರ ಹಿಡಿಯಿರಿ.

ಎಷ್ಟು ಹೆಸರು ನೋಡಿದರೆ ಸಾಕು? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಒಂದು ಸುಲಭದ ಸೂತ್ರವಿದೆ. ನೀವು ನೋಡಿದ ಪಟ್ಟಿಯಲ್ಲಿ ಆ ಹೆಸರು ಒಂದೂ ಸಿಗದಿದ್ದರೆ, ಮೂರನ್ನು ನೀವು ನೋಡಿದ ಸಂಖ್ಯೆಯಿಂದ ಭಾಗಿಸಿ. ಹೆಸರಿನ ನಿಜವಾದ ಪಾಲು ಅದಕ್ಕಿಂತ ಕಡಿಮೆ ಎಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು. ಮೂವತ್ತು ಹೆಣ್ಣುಮಕ್ಕಳನ್ನು ನೋಡಿ ಸಿಗಲಿಲ್ಲ ಎಂದರೆ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಅದರಿಂದ ಏನೂ ಉಪಯೋಗವಿಲ್ಲ. ಮುನ್ನೂರು ನೋಡಿ ಸಿಗದಿದ್ದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟು ಸಾಕು. ಒಂದು ಸೆಕ್ಷನ್‌ನಲ್ಲಿ ಹದಿನೈದು ಇಪ್ಪತ್ತು ಹುಡುಗಿಯರು ಎಂದುಕೊಂಡರೆ ಹದಿನೈದು ಇಪ್ಪತ್ತು ಸೆಕ್ಷನ್‌ಗಳ ಪಟ್ಟಿ ಬೇಕು, ಅದೂ ನಾಲ್ಕೈದು ಶಾಲೆಗಳಿಂದ. ಮುನ್ನೂರರಲ್ಲಿ ಮೂವರು ಸಿಕ್ಕರೆ ಪಾಲು ನೂರಕ್ಕೆ ಒಂದು ಎಂದು ಬರೆದುಕೊಳ್ಳಬಹುದು, ಆದರೆ ನಿಜ 0.2ರಿಂದ 2.9ರವರೆಗೆ ಎಲ್ಲಿಯೂ ಇರಬಹುದು. ಸಣ್ಣ ಎಣಿಕೆಗೆ ಈ ಮಿತಿ ಇದ್ದೇ ಇರುತ್ತದೆ. ಸರ್ಕಾರದ ಲೆಕ್ಕ ಬೇಕು ಎಂದು ಹಟ ಹಿಡಿಯುವುದೂ ಇದೇ ಕಾರಣಕ್ಕೆ.

ಪಾಲಿಗಿಂತಲೂ ಮುಖ್ಯವಾದದ್ದು ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಒಂದೇ ಶಾಲೆಯ ಹತ್ತನೇ ತರಗತಿ, ನಾಲ್ಕನೇ ತರಗತಿ, ಎಲ್‌ಕೆಜಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು, ಎಲ್‌ಕೆಜಿಯಲ್ಲಿ ನಾಲ್ಕು ಎಂದಿದ್ದರೆ ಆ ಹೆಸರು ಏರುತ್ತಿದೆ. ಈಗ ಹುಟ್ಟಿದ ಮಗು ಎಲ್‌ಕೆಜಿಗೆ ಬರುವ ಹೊತ್ತಿಗೆ ಇನ್ನೂ ಹೆಚ್ಚಿರುವ ಸಂಭವವಿದೆ. ಹತ್ತರಲ್ಲಿ ಐದು, ನಾಲ್ಕರಲ್ಲಿ ಎರಡು, ಎಲ್‌ಕೆಜಿಯಲ್ಲಿ ಒಂದು ಎಂದಿದ್ದರೆ ಇಳಿಯುತ್ತಿದೆ. ದೊಡ್ಡವರ ಕಿವಿಗೆ ಅದು ಸಾಮಾನ್ಯ ಅನ್ನಿಸಿದರೂ ನಿಮ್ಮ ಮಗುವಿನ ಜೊತೆಯವರಲ್ಲಿ ಅಪರೂಪ. ಪ್ರಸಿದ್ಧರ ಮನೆಯ ಹೆಸರುಗಳ ವಿಷಯದಲ್ಲಿ ಈ ಪರೀಕ್ಷೆ ತಪ್ಪದೆ ಮಾಡಿ. ಐಶ್ವರ್ಯಾ ರೈ ಮಗಳು ಆರಾಧ್ಯ ಹುಟ್ಟಿದ್ದು 2011ರ ನವೆಂಬರಿನಲ್ಲಿ. ಆ ಹೆಸರು ಎಲ್ಲರಿಗೂ ಪರಿಚಯವಾದ ಮೇಲೆ ಹುಟ್ಟಿದ ಮಕ್ಕಳು ಈಗ ಶಾಲೆಯಲ್ಲಿದ್ದಾರೆ, ಕೆಳಗಿನ ತರಗತಿಯಲ್ಲಿ ಎಷ್ಟಿದ್ದಾರೆ, ಮೇಲಿನದರಲ್ಲಿ ಎಷ್ಟಿದ್ದಾರೆ ಎಂದು ಹೋಲಿಸಿದರೆ ಅಲೆ ಇಳಿಯಿತೋ ಇಲ್ಲವೋ ಗೊತ್ತಾಗುತ್ತದೆ.

ಇಷ್ಟೆಲ್ಲ ಎಣಿಸಲು ಸಮಯ ಎಲ್ಲಿದೆ ಎಂದು ಕೇಳುವವರು ಕಾನೂನನ್ನು ಒಮ್ಮೆ ನೋಡಬೇಕು. ಜನನ ಮರಣ ನೋಂದಣಿ ಕಾಯ್ದೆ 1969ರ ಪ್ರಕಾರ 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ. ಹೆಸರು ಆಗಲೇ ಕೊಡಬೇಕೆಂದಿಲ್ಲ. 14ನೇ ಕಲಂ ಪ್ರಕಾರ ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕೊಟ್ಟು ಸೇರಿಸಬಹುದು. ಆಸ್ಪತ್ರೆಯಲ್ಲಿ ಫಾರಂ ತುಂಬಿಸಿಕೊಳ್ಳುವಾಗ ‘ಹೆಸರು ಈಗಲೇ ಹೇಳಿಬಿಡಿ’ ಎಂದು ಅವಸರ ಮಾಡಿದರೆ ಆ ಜಾಗ ಖಾಲಿ ಬಿಡಿಸಿ. ಹೆಸರು ಒಮ್ಮೆ ಸೇರಿದ ಮೇಲೆ 15ನೇ ಕಲಂ ಅಡಿ ಆಗುವುದು ತಪ್ಪು ನಮೂದಿನ ತಿದ್ದುಪಡಿ. ‘ಇನ್ನೊಂದು ಹೆಸರು ಚೆನ್ನಾಗಿದೆ ಅನ್ನಿಸಿತು’ ಎಂಬುದು ತಪ್ಪು ನಮೂದಲ್ಲ. 2023ರ ಅಕ್ಟೋಬರ್ 1ರಂದು ತಿದ್ದುಪಡಿ ಕಾಯ್ದೆ ಜಾರಿಗೆ ಬಂದ ಮೇಲೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನಾಂಕ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿರುವ ಹೆಸರು, ಕಾಗುಣಿತ ಮುಂದೆ ಎಲ್ಲ ಕಡೆಗೂ ಹಬ್ಬುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಸಾಲನ್ನು ಅಂತಿಮ ಮಾಡುವ ಮೊದಲು ಅಕ್ಷರ ಅಕ್ಷರವಾಗಿ ಓದಿ.

ಎಣಿಸಿ ನೋಡಿ ಹೆಸರು ಸಾಮಾನ್ಯ ಎಂದೇ ಗೊತ್ತಾಯಿತು, ಆದರೂ ಅಜ್ಜಿಯ ಹೆಸರು, ಬಿಡಲು ಮನಸ್ಸಿಲ್ಲ ಎಂದಾದರೆ ಇಡಲು ಹಿಂಜರಿಯಬೇಡಿ. ಸಾಮಾನ್ಯ ಹೆಸರು ದೋಷವಲ್ಲ. ಅದರಿಂದ ಆಗುವ ತೊಂದರೆಗೆ ದಾಖಲೆಯಲ್ಲೇ ಪರಿಹಾರವಿದೆ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಒಂದೇ ಅಕ್ಷರದ ಇನಿಶಿಯಲ್ ಹಾಕುವ ರೂಢಿ. ಒಂದೇ ತರಗತಿಯಲ್ಲಿ ಇಬ್ಬರು ‘ಆರ್ಯನ್ ಎಸ್’ ಬಂದಾಗ, ಒಬ್ಬನ ತಂದೆ ಸುರೇಶ, ಇನ್ನೊಬ್ಬನ ತಂದೆ ಶಿವಕುಮಾರ ಎಂಬುದು ಆ ಒಂದು ಅಕ್ಷರದಿಂದ ತಿಳಿಯುವುದಿಲ್ಲ, ಅಂಕ ಒಬ್ಬನದು ಇನ್ನೊಬ್ಬನ ಸಾಲಿಗೆ ಹೋಗುತ್ತದೆ. ಜನನ ಪ್ರಮಾಣಪತ್ರದಲ್ಲೇ ಇನಿಶಿಯಲ್ ಬಿಡಿಸಿ ಪೂರ್ತಿ ಬರೆಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೇಗಿದ್ದರೂ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಹೊರದೇಶಕ್ಕೆ ಹೋದ ಕನ್ನಡಿಗರ ಮಕ್ಕಳಿಗೆ ಆ ಬಿಡಿಸಿದ ಪದವೇ ಸರ್‌ನೇಮ್ ಆಗಿ ನಿಲ್ಲುವುದರಿಂದ, ಅದು ತಂದೆಯ ಹೆಸರೋ ಊರಿನದೋ ಮನೆತನದ್ದೋ ಎಂಬುದನ್ನು ಮೊದಲೇ ತೀರ್ಮಾನಿಸುವುದು ಒಳ್ಳೆಯದು.

ಇನ್ನು ಕೋರಿಕೆ. ರಾಜ್ಯದ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ. ಎಣಿಸುವುದೇ ಆ ಕಚೇರಿಯ ಕಸುಬು. ವಾರ್ಷಿಕ ವರದಿಗೆ ಒಂದು ಕೋಷ್ಟಕ ಸೇರಿಸಲಿ: ಹೆಸರು, ಲಿಂಗ, ಜಿಲ್ಲೆ, ಸಂಖ್ಯೆ. ತಂದೆತಾಯಿಯ ಹೆಸರು, ದಿನಾಂಕ, ವಿಳಾಸ ಯಾವುದೂ ಬೇಡ. ಜಿಲ್ಲೆಯಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗಿರುವ ಹೆಸರನ್ನು ಬಿಡಲಿ, ಆಗ ಯಾವ ಮಗುವೂ ಗುರುತಿಗೆ ಸಿಗುವುದಿಲ್ಲ. ಎಣಿಕೆ ಕನ್ನಡ ಸಾಲಿನಿಂದ ಆಗಲಿ, ಇಂಗ್ಲಿಷ್ ಸಾಲಿನಿಂದ ಬೇಡ. ಕಾಗುಣಿತ ಬೇರೆಬೇರೆಯಾಗಿ ಎಣಿಸಿದ್ದು ಒಂದು, ಹ್ರಸ್ವ ದೀರ್ಘ, ದ-ಧ, ಶ-ಷ ಒಟ್ಟುಗೂಡಿಸಿದ್ದು ಒಂದು, ಹೀಗೆ ಎರಡು ಪಟ್ಟಿ ಕೊಡಲಿ. ಒಟ್ಟುಗೂಡಿಸಿದ ನಿಯಮವನ್ನೂ ಜೊತೆಗೆ ಅಚ್ಚು ಮಾಡಲಿ. ಮೊಹಮ್ಮದ್, ಸೈಯದ್, ಶ್ರೀ ಮುಂತಾಗಿ ಮೊದಲ ಪದ ಗೌರವದ್ದೋ ಮನೆತನದ್ದೋ ಆಗಿರುವಲ್ಲಿ ಕರೆಯುವ ಪದವನ್ನೂ ಬೇರೆ ಎಣಿಸಲಿ, ಇಲ್ಲದಿದ್ದರೆ ಮೊಹಮ್ಮದ್ ಅಯಾನ್, ಮೊಹಮ್ಮದ್ ರೆಹಾನ್ ಇಬ್ಬರೂ ಒಂದೇ ಹೆಸರಿನವರಾಗಿ ಬಿಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಹೆಸರಿಲ್ಲದೆ ನೋಂದಾಯಿಸಿದ ಮಕ್ಕಳ ಸಾಲುಗಳು ಆ ವರ್ಷ ಖಾಲಿ ಇರುತ್ತವೆ, ತಾಯಿ ಕಾರ್ಡಿನಲ್ಲೂ ಲಸಿಕೆಯ ಪುಸ್ತಕದಲ್ಲೂ ‘ಬೇಬಿ ಆಫ್’ ಎಂದು ತಾಯಿಯ ಹೆಸರೇ ಇರುತ್ತದೆ. ಹುಟ್ಟಿದ ವರ್ಷದ ಮರುವರ್ಷವೇ ಎಣಿಸಿದರೆ, ತಡವಾಗಿ ಹೆಸರಿಡುವ ಮನೆಗಳ ಮಕ್ಕಳು ಲೆಕ್ಕದಿಂದ ಹೊರಗುಳಿಯುತ್ತಾರೆ. ಆದ್ದರಿಂದ ಹನ್ನೆರಡು ತಿಂಗಳ ಗಡುವು ಕಳೆದ ಮೇಲೆ ಎಣಿಸಬೇಕು, ಹೆಸರು ತುಂಬದ ಸಾಲುಗಳು ಎಷ್ಟು ಉಳಿದವು ಎಂಬ ಸಂಖ್ಯೆಯನ್ನೂ ಕೋಷ್ಟಕದ ಕೊನೆಯಲ್ಲಿ ಜಿಲ್ಲಾವಾರು ಕೊಡಬೇಕು.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ ಮತ್ತು ಒಬ್ಬ ಸಂಖ್ಯಾಶಾಸ್ತ್ರ ಉಪನ್ಯಾಸಕ
ದಾವಣಗೆರೆ